ಪ್ಯಾನೆಲ್ ಮೇಲಿನ ಎಡೆ

ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂತ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಗಾವಡಗೆರೆ ಕಡೆಯ ನಮ್ಮೂರಿನಲ್ಲಿ ಮಧ್ಯಾಹ್ನವೆಂದರೆ ಎಲ್ಲರೂ ಒಂದು ಗಳಿಗೆ ಕಣ್ಣು ಮುಚ್ಚುವ ಹೊತ್ತು. ನಾನು ಮಾತ್ರ ಜಗಲಿಯ ಮೇಲೆ ಒರಗಿ, ಪ್ಯಾನೆಲ್ ಎಷ್ಟು ಕರೆಂಟು ಮಾಡುತ್ತಿದೆ ಎಂದು ಫೋನಿನಲ್ಲಿ ನೋಡುತ್ತಿದ್ದೆ. ಆ ದಿನದ ಕರೆಂಟಿನ ಗೆರೆ ಬೆಳಗ್ಗೆ ಮೆಲ್ಲಗೆ ಏಳುತ್ತಿತ್ತು, ಬಿಸಿಲು ನೆತ್ತಿಗೆ ಬಂದಾಗ ಗುಡ್ಡವಾಗುತ್ತಿತ್ತು, ಸಂಜೆಗೆ ಇಳಿದು ಮಲಗುತ್ತಿತ್ತು. ನಾವು ಬಳಸಿ ಮಿಕ್ಕಿದ್ದು ಮೀಟರು ದಾಟಿ ಊರಿನ ಲೈನಿಗೆ ಹೋಗುತ್ತದೆ ಎಂದು ಅವ್ವನಿಗೆ ವಿವರಿಸಿದ್ದೆ.

"ಅಂಗಾರೆ ನಮ್ ಬಿಸ್ಲು ಪಕ್ಕದ್ಮನೆ ಮಿಕ್ಸೀಲಿ ತಿರುಗ್ತದಾ?" ಎಂದಳು ಅವ್ವ. "ತಿರುಗ್ಲಿ ಬುಡು, ಒಳ್ಳೇದೇ."

ಸೋಲಾರ್ ಹಾಕಿಸಲೇಬೇಕೆಂದು ಹಟ ಹಿಡಿದವನು ಅಪ್ಪ. ಹುಣಸೂರಿಗೆ ಹೋಗಿ ಅರ್ಜಿ ಕೊಟ್ಟು ಬಂದವನು, ಪ್ಯಾನೆಲ್ ಬರುವ ಮೊದಲೇ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಹೋಗಿಯೇಬಿಟ್ಟ. ಅದಕ್ಕೇ ಇರಬೇಕು, ಆ ಗೆರೆ ಒಂಚೂರು ಕುಗ್ಗಿದರೂ ನನಗೆ ತಡೆಯಲಾಗುತ್ತಿರಲಿಲ್ಲ.

ಆದರೆ ಕಾಗೆಗಳು ಬಿಡಬೇಕಲ್ಲ! ಅಪ್ಪ ದಿನಾ ಉಣ್ಣುವ ಮುಂಚೆ ಒಂದು ತುತ್ತು ಮುದ್ದೆಯನ್ನು ತಾರಸಿಯ ಗೋಡೆಯ ಮೇಲಿಟ್ಟು "ಕಾ ಕಾ" ಎಂದು ಕರೆಯುತ್ತಿದ್ದ. ಆ ರೂಢಿಗೆ ಬಿದ್ದ ಹಾಳಾದವು ಈಗ ಪ್ಯಾನೆಲ್ ಮೇಲೆಲ್ಲ ಹಿಕ್ಕೆ ಹಾಕತೊಡಗಿದವು. ಉಜ್ಜಿ ಉಜ್ಜಿ ಸಾಕಾಯಿತು. ಕೊನೆಗೆ ಹೊಲದ ಉಪಾಯ ನೆನಪಾಯಿತು. ರಾಗಿ ತೆನೆಗೆ ಹಕ್ಕಿ ಬಾರದಿರಲೆಂದು ಕ್ಯಾಸೆಟ್ ಟೇಪು ಕಟ್ಟುತ್ತೇವಲ್ಲ, ಗಾಳಿಗೆ ಅದು ಗುಂಯ್ ಎನ್ನುತ್ತದೆ. ಅಟ್ಟದ ಮೇಲೆ ಅಪ್ಪನ ನಾಟಕದ ಕ್ಯಾಸೆಟ್ಟುಗಳು ಬಿದ್ದಿದ್ದವು. ಹಾಕಿ ಕೇಳಲು ಟೇಪ್ ರೆಕಾರ್ಡರೇ ಇಲ್ಲ, ಇನ್ಯಾಕೆ ಎಂದು ಎಳೆದು ಬಿಚ್ಚಿ, ಪ್ಯಾನೆಲ್‌ಗಳ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕಟ್ಟಿದೆ. ವಾರದೊಳಗೆ ಒಂದು ಕಾಗೆಯೂ ಇಲ್ಲ. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪಿತೃಪಕ್ಷ ಬಂತು, ಅಪ್ಪ ಹೋದ ಮೇಲಿನ ಮೊದಲನೆಯದು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಗೂಡುಗಳಲ್ಲಿ ಸೊಪ್ಪು ಬೇಯುವ ವಾಸನೆ ಊರೆಲ್ಲ ತುಂಬಿತ್ತು. ಅವ್ವ ಅಪ್ಪನಿಗೆ ಇಷ್ಟವಾದ ಕೋಳಿ ಸಾರು, ಮುದ್ದೆ, ವಡೆ ಮಾಡಿ ಎಲೆಯಲ್ಲಿ ಬಡಿಸಿ, ತಾರಸಿಯ ಗೋಡೆಯ ಮೇಲೆ ಎಡೆ ಇಟ್ಟಳು. "ಕಾಗೆ ಮುಟ್ಟೋಗಂಟ ನಾನು ಉಣ್ಣಾಕಿಲ್ಲ" ಎಂದು ನೀರಿನ ಟ್ಯಾಂಕಿನ ನೆರಳಲ್ಲಿ ಕೂತಳು.

ಒಂದು ಗಂಟೆಯಾಯಿತು. ಎರಡಾಯಿತು. ಕಾ ಕಾ ಎಂದು ಕರೆದು ನನ್ನ ಗಂಟಲು ಕಟ್ಟಿತು. ಟೇಪು ಗುಂಯ್ ಎನ್ನುತ್ತಲೇ ಇತ್ತು. ಬೆಳಗ್ಗೆಯಿಂದ ಹನಿ ನೀರು ಕುಡಿಯದ ಅವ್ವನ ತುಟಿ ಒಣಗಿದ್ದು ನೋಡಿ ನನಗೆ ರೇಗಿತು.

"ಬಾ ಅವ್ವ ಕೆಳಕ್ಕೆ! ಎಲ್ಲರ ಮನೇಲೂ ಹಬ್ಬ, ಅವುಕ್ಕೆ ಹೊಟ್ಟೆ ತುಂಬಿರ್ತದೆ."

ಅವ್ವ ಟೇಪನ್ನೇ ನೋಡುತ್ತಿದ್ದಳು. "ಅದು ನಿಮ್ಮಪ್ಪಂದು ಅಲ್ವೇನ್ಲಾ? ನಿಮ್ಮಪ್ಪನ್ ಕ್ಯಾಸೆಟ್ನಲ್ಲೇ ನಿಮ್ಮಪ್ಪನ್ನ ಓಡಿಸ್ಬುಟ್ಯಲ್ಲೋ."

ನನ್ನ ಬುದ್ಧಿಗೆ ಅದೇನು ಮಂಕು ಕವಿದಿತ್ತೋ! ಟೇಪನ್ನು ಒಂದೊಂದೇ ಗಂಟು ಬಿಚ್ಚಿ ಮುಂಗೈಗೆ ಸುತ್ತಿಕೊಂಡೆ. ಎಡೆ ದೂರಕ್ಕೂ ಕಾಣಲಿ ಎಂದು ಎಲೆಯನ್ನು ಎತ್ತಿ ಪ್ಯಾನೆಲ್ ಮೇಲೆಯೇ, ಜಾರದಂತೆ ಕೆಳಗಿನ ಅಂಚಿಗೆ ಆನಿಸಿ ಇಟ್ಟೆ. ನಾನೇ ಉಜ್ಜಿ ಉಜ್ಜಿ ಹೊಳೆಸಿದ ಗಾಜು ಅದು.

ಆಮೇಲೆ ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ. ಗಾಳಿ ನಿಂತಿತ್ತು. ನೀಲಿ ಗಾಜಿನೊಳಗೆ ಬಿಳಿ ಮೋಡಗಳು ನಿಧಾನಕ್ಕೆ ಹೋಗುತ್ತಿದ್ದವು. ಕೆರೆ ಏರಿಯ ಮೇಲೆ ಕೂತು ನೀರು ನೋಡಿದ ಹಾಗೆ ನಾನೂ ಅವ್ವನೂ ನೋಡುತ್ತ ಕೂತೆವು. ನಾನು ಅರೆನಿದ್ದೆಯಲ್ಲಿದ್ದೆನೋ ಏನೋ, ಗಾಜಿನೊಳಗಿನ ಆಕಾಶದ ಆಳದಿಂದ ಕರಿಚುಕ್ಕೆಯೊಂದು ಮೇಲೆ ಬರುತ್ತಿರುವಂತೆ ಕಂಡಿತು. ತಲೆಯೆತ್ತಿದರೆ ಕಾಗೆ. ಟ್ಯಾಂಕಿನ ಮೇಲೆ ಕೂತು ಕತ್ತು ಓರೆ ಮಾಡಿ ನೋಡಿತು. ಪ್ಯಾನೆಲ್ ಮೇಲೆ ಇಳಿಯಿತು, ಸರ್ರನೆ ಜಾರಿತು, ರೆಕ್ಕೆ ಬಡಿದು ಸಾವರಿಸಿಕೊಂಡು ವಡೆಗೆ ಬಾಯಿ ಹಾಕಿತು. ಹಿಂದೆಯೇ ಇನ್ನೂ ನಾಲ್ಕೈದು ಬಂದವು.

"ಬಂದ್ರು ಕಣ್ಲಾ" ಎಂದಳು ಅವ್ವ ಪಿಸುಮಾತಿನಲ್ಲಿ. ಆಮೇಲೆ ಕಾಗೆಗೇ ಹೇಳಿದಳು: "ಜಾರ್ತದೆ, ಉಷಾರು. ನಿಧಾನಕ್ಕೆ ಉಣ್ಣಿ."

ಅವು ಹಾರಿದ ಮೇಲೆ ಅವ್ವ ಕೆಳಗಿಳಿದು ಉಂಡಳು.

ಸಂಜೆ ಅಭ್ಯಾಸಬಲದಿಂದ ಫೋನು ತೆಗೆದೆ. ಆ ದಿನದ ಗೆರೆಯಲ್ಲಿ, ಮಧ್ಯಾಹ್ನದ ಗುಡ್ಡದ ಇಳಿಜಾರಿನಲ್ಲಿ, ಒಂದು ಸಣ್ಣ ತಗ್ಗು. ಮೋಡ ಹಾದಿರಬಹುದು. ಎಲೆಯ, ಕಾಗೆಗಳ ನೆರಳೂ ಇರಬಹುದು. ಅವ್ವನಿಗೆ ತೋರಿಸಿ, ಕಾಗೆ ಉಂಡ ಹೊತ್ತು ಇದೇ ಎಂದೆ.

ಅವ್ವ ಆ ತಗ್ಗಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

"ಇಷ್ಟ್ ಬೇಗ ಎದ್ದೋಗ್ಬುಟ್ರಾ?" ಎಂದಳು.