ಚೌಡಿ ಕಲ್ಲಿನ ಆಚೆಯ ಗೂಟ

ಮೇಲಿನಕೊಪ್ಪದಲ್ಲಿ ಈಗ ಯಾರ ಮನೆಯ ನಲ್ಲಿ ಸೋರಿದರೂ, ಫ್ಯೂಸು ಹೋದರೂ, ಮಿಕ್ಸಿ ಗುರ್ ಎಂದು ನಿಂತುಬಿಟ್ಟರೂ ಶರಾವತಿಯ ಹೆಸರು ಬರುತ್ತದೆ. ಹಾಗಂತ ಅವಳು ಬಂದು ರಿಪೇರಿ ಮಾಡಿಕೊಡುತ್ತಾಳೆ ಎಂದುಕೊಳ್ಳಬೇಡಿ. ಸೊಂಟದ ಮೇಲೆ ಕೈ ಇಟ್ಟು ನಿಂತು, "ಪಾನಾ ಹಿಡ್ಕ, ಹಂಗಲ್ಲ, ಎಡಕ್ಕೆ ತಿರುಗ್ಸು" ಎಂದು ಆ ಮನೆಯ ಹೆಂಗಸಿನ ಕೈಯಲ್ಲೇ ಮಾಡಿಸುತ್ತಾಳೆ. ಹೊರಗಿನಿಂದ ಬಂದವರು, ಅಬ್ಬಾ, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅವಳು ಕಲಿತದ್ದೂ ಕಲಿಸಿದ್ದೂ ಶುದ್ಧ ಸೇಡಿಗೆ.

ಸೇಡು ಯಾರ ಮೇಲೆ ಎಂದು ಹೇಳುವ ಮೊದಲು ನೀರಿನ ಕತೆ ಹೇಳಬೇಕು. ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ಬಸ್ಸು ಇಳಿದು ಎರಡು ಮೈಲಿ ನಡೆದರೆ ಮೇಲಿನಕೊಪ್ಪ. ಬಾವಿ ತೋಡಿದಲ್ಲೆಲ್ಲ ಬಂಡೆ. ಎಂಟು ಮನೆಗೂ ನೀರು ಬರುವುದು ಗುಡ್ಡದ ಮೇಲೆ ಧುಮುಕುವ ಅಬ್ಬಿಯಿಂದ, ಒಂದೇ ಕರಿ ಪೈಪಿನಲ್ಲಿ, ಮೋಟಾರಿಲ್ಲದೆ, ಇಳಿಜಾರಿನಲ್ಲಿ ತಾನೇ ಹರಿದು. ಅಬ್ಬಿಯ ನೀರು ತೆಳ್ಳಗಾಗುವ ಬೇಸಿಗೆಯಲ್ಲಿ ಪೈಪಿಗೆ ಗಾಳಿ ಹಿಡಿಯುತ್ತದೆ. ನೀರು ನಿಲ್ಲುತ್ತದೆ. ಆಗೆಲ್ಲ ಪೈಪು ರಿಪೇರಿಯ ನಾಗೇಂದ್ರನಿಗೆ ಫೋನು ಮಾಡಬೇಕಿತ್ತು.

ಪೈಪಿನ ನಾಗೇಂದ್ರನ ಮನೆ ದಿಬ್ಬದ ಆಚೆ ಬದಿಗೆ ಒಂಟಿಯಾಗಿ ಇತ್ತು. ಅದೇ ಅಬ್ಬಿಯಿಂದ ಅವನಿಗೆ ಬೇರೆಯದೇ ಪೈಪು. ಫೋನು ಮಾಡಿದರೆ ಅವನು ಹೇಳುವುದು ಒಂದೇ ಮಾತು: "ನೋಡನ, ಪುರ್ಸೊತ್ತಾದ್ರೆ ನಾಳೆ ಬರ್ತೀನಿ." ಬಂದಾಗ ಕಾಫಿ ಆಗಬೇಕು, ಎಲೆಯಡಿಕೆ ಆಗಬೇಕು, ಹಿತ್ತಿಲಲ್ಲಿ ಕಣ್ಣಿಗೆ ಬಿದ್ದ ಬಾಳೆಗೊನೆ ಆಗಬೇಕು. ಆಮೇಲೆ ಒಬ್ಬನೇ ಗುಡ್ಡ ಹತ್ತುತ್ತಿದ್ದ. ಊರಿನ ಗಂಡಸರು ಹೊತ್ತು ಮೂಡುವ ಮೊದಲೇ ಕೆಲಸಕ್ಕೆ ಹೋಗುವವರು. ಶರಾವತಿಯ ಗಂಡ ರಾಜೇಂದ್ರ ಸಾಗರದ ಅಕ್ಕಿ ಗಿರಣಿಯಲ್ಲಿದ್ದು ಭಾನುವಾರಕ್ಕೊಮ್ಮೆ ಬರುವವನು. ಇನ್ನು ಹೆಂಗಸರು. ಅರ್ಧ ದಾರಿಯಲ್ಲಿ ಗುಡ್ಡ ಕಾಯುವ ದೇವಿ ಚೌಡಿಯ ಕಲ್ಲಿದೆ. "ಹೆಂಗಸ್ರು ಆ ಕಲ್ಲು ದಾಟಿದ್ರೆ ಕಣ್ಣು ಹೋಗ್ತದೆ" ಎಂದು ನಾಗೇಂದ್ರ ಹೇಳಿದ್ದ. ಎಂಟು ಮನೆಯವರೂ ನಂಬಿದ್ದರು. ಶರಾವತಿಯೂ ನಂಬಿದ್ದಳು.

ಅವಳ ಅತ್ತೆ ರಂಗಮ್ಮ ತೀರಿಕೊಂಡದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಎಂಥ ಅಚ್ಚುಕಟ್ಟಿನ ಮುದುಕಿ ಅದು! ಬಚ್ಚಲ ಹಂಡೆ ತುಂಬ ನೀರು ಕಾಯಬೇಕು, ಮೈಮೇಲೆ ಕೊನೆಯ ಚೊಂಬು ಬೀಳುವವರೆಗೂ ಹಬೆ ಏಳಬೇಕು. ಬದುಕಿನಲ್ಲಿ ಅದೊಂದೇ ಅವಳು ಕೇಳಿದ ಸುಖ. ಅವಳು ಸತ್ತ ದಿನ ಪೈಪು ಒಣಗಿ ಎರಡು ದಿನವಾಗಿತ್ತು. ಹೊಳೆಯ ಗುಂಡಿಯಲ್ಲಿ ಉಳಿದದ್ದು ಪಾಚಿ.

ಶರಾವತಿ ನಾಲ್ಕು ಸಲ ಫೋನು ಮಾಡಿದಳು. ನಾಲ್ಕನೆಯ ಸಲಕ್ಕೆ ನಾಗೇಂದ್ರ ಎತ್ತಿದ. ಹಿಂದೆ ಇಸ್ಪೀಟು ಎಲೆ ಬಡಿಯುವ ಸದ್ದು, ನಗು.

"ನಾಗೇಂದ್ರಣ್ಣ, ಅತ್ತೆ ಹೋಗ್ಬಿಟ್ರು. ಮೈ ತೊಳ್ಸೋಕೆ ಒಂದು ಹನಿ ನೀರಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಈಗ್ಲೇ ಬನ್ನಿ."

"ಹೆಸರು ಶರಾವತಿ, ಮನೇಲಿ ನೀರಿಲ್ಲ ಅಂತೀಯಲ್ಲೇ!" ಎಂದು ಅವನು ಅತ್ತ ಕಡೆಯವರನ್ನು ನಗಿಸಿದ. ಆಮೇಲೆ, "ತೀರ್ಕಂಡವ್ರಿಗೆ ಎಂತ ಅವಸರ ಮಾರಾಯ್ತಿ? ನೋಡನ, ಪುರ್ಸೊತ್ತಾದ್ರೆ ನಾಳೆ ಬರ್ತೀನಿ" ಎಂದ.

ಅಕ್ಕಪಕ್ಕದವರು ತಮ್ಮ ಅಡಿಗೆಗೆ ಇಟ್ಟುಕೊಂಡದ್ದರಲ್ಲಿ ಒಂದೊಂದು ಕೊಡ ತಂದುಕೊಟ್ಟರು. ಎರಡು ಕೊಡ. ತಣ್ಣೀರು. ಅಷ್ಟರಲ್ಲೇ ರಂಗಮ್ಮನ ಮೈ ತೊಳೆದಾಯಿತು. ಕಾಲಿನ ಹೊತ್ತಿಗೆ ನೀರು ಮುಗಿದು ಶರಾವತಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ನಾಗೇಂದ್ರ ಮಾರನೆಯ ದಿನ ಮಧ್ಯಾಹ್ನ ಸಿಳ್ಳೆ ಹಾಕುತ್ತ ಬಂದ. ಗುಡ್ಡ ಹತ್ತಿ ಇಳಿದ. ನೀರು ಬಂತು. ಜಗುಲಿಯ ಮೇಲೆ ಕೂತು ಕಾಫಿ ಕೇಳಿದ. ಶರಾವತಿ ಕೊಟ್ಟಳು. ಅವನು ಕುಡಿದ ಲೋಟವನ್ನು ತೊಳೆಯಲೂ ಹೋಗದೆ ತಿಪ್ಪೆಗೆ ಎಸೆದಳು. ಆಮೇಲೆ ಬಚ್ಚಲಿಗೆ ಹೋಗಿ ಖಾಲಿ ಹಂಡೆಯ ಮೇಲೆ ಕೈ ಇಟ್ಟು, ಇನ್ನೊಂದು ವರ್ಷಕ್ಕೆ ಅತ್ತೆಯ ತಿಥಿಯ ದಿನ ಈ ಹಂಡೆ ತುಂಬಿರಬೇಕು, ಆ ನೀರಿಗೆ ಅವನ ಕೈ ತಾಗಿರಬಾರದು ಎಂದು ಆಣೆ ಇಟ್ಟಳು. ನಾಗೇಂದ್ರಣ್ಣ ಅಂದೇ ಬರೀ ನಾಗೇಂದ್ರನಾದ.

ಹದಿನೈದು ದಿನಕ್ಕೆ ನೀರು ಮತ್ತೆ ನಿಂತಿತು. ಈ ಸಲ ಅವಳು ಫೋನು ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಚೌಡಿಗೆ ಕಾಯಿ ಒಡೆಯುವ, ಈಗ ಬಸ್ಸಿನ ರಸ್ತೆಯ ಬದಿಯಲ್ಲಿರುವ ಭೂತಪ್ಪಜ್ಜನ ಮನೆಗೆ ಹೋದಳು.

"ಅಜ್ಜಾ, ಹೆಂಗಸ್ರು ಕಲ್ಲು ದಾಟಿದ್ರೆ ಎಂತ ಆಗ್ತದೆ?"

"ಎಂತ ಆಗ್ತದೆ? ಕಾಲು ನೋಯ್ತದೆ. ಏರು ಅಲ್ದಾ ಅದು" ಎಂದ ಅಜ್ಜ.

"ಕಣ್ಣು ಹೋಗ್ತದಂತೆ?"

ಅಜ್ಜ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ. "ಯಾರು ಹೇಳಿದ್ದೇ ನಿಂಗೆ? ಚೌಡಿ ಹೆಂಗಸಲ್ವನೇ? ಹೆಂಗಸಿನ ಹತ್ರ ಹೆಂಗಸು ಹೋಗಬಾರ್ದಾ? ನಾನು ಸಣ್ಣೋನಿದ್ದಾಗ ಅಡಿಕೆ ಮರ ಸೀಳಿ ದಂಬೆ ಮಾಡಿ ಅಬ್ಬಿ ನೀರು ತರ್ತಿದ್ರು. ಆ ದಂಬೆ ಜಾರಿದ್ರೆ ಸರಿ ಮಾಡ್ತಿದ್ದೋಳು ನಮ್ಮವ್ವ. ತೊಂಬತ್ತಕ್ಕೂ ಸೂಜಿಗೆ ದಾರ ಪೋಣಿಸ್ತಿದ್ಲು."

ಅದೇ ಸಂಜೆ ಶರಾವತಿ ಕತ್ತಿ ಹಿಡಿದು ಗುಡ್ಡ ಹತ್ತಿದಳು. ಕಲ್ಲಿನ ಮುಂದೆ, ಎಷ್ಟೆಂದರೂ, ನಿಂತಳು. "ಅವ್ವಾ, ತಪ್ಪಾಗಿದ್ರೆ ಇಳಿಯುವಾಗ ಮಾತಾಡನ" ಎಂದು ಕೈ ಮುಗಿದು ದಾಟಿದಳು. ಪೈಪಿನ ಗುಂಟ ನಡೆದಳು. ಅದು ದಿಬ್ಬ ಏರಿ ಇಳಿಯುವ ಜಾಗದಲ್ಲಿ, ತರಗೆಲೆಯ ಕೆಳಗೆ, ಪೈಪಿಗೊಂದು ತೂತು. ತೂತಿಗೆ ಹೆಬ್ಬೆರಳು ಗಾತ್ರದ ಮರದ ಗೂಟ, ಸೈಕಲ್ ಟ್ಯೂಬಿನ ಚೂರು ಸುತ್ತಿ ಬಡಿದದ್ದು. ಅಲ್ಲಾಡಿಸಿ ಎಳೆದಳು. ಪುಸ್ಸೆಂದು ಗಾಳಿ ಹೊರಟಿತು. ಒಂದಷ್ಟು ಹೊತ್ತು ಬರೀ ಗಾಳಿ. ಆಮೇಲೆ ಗೊರ ಗೊರ ಎಂದು, ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಗೂಟ ಮತ್ತೆ ಬಡಿದಳು. ಕೆಳಗೆ ಎಂಟು ಮನೆಗೂ ನೀರು ಹೋಯಿತು.

ಅಷ್ಟೇ. ಹೆಚ್ಚೆಂದರೆ ಐದು ನಿಮಿಷ. ಈ ಐದು ನಿಮಿಷಕ್ಕಾಗಿ ಎಷ್ಟು ವರ್ಷ ಅವನ ಮುಂದೆ ಹಲ್ಲು ಗಿಂಜಿದೆವು, ಇದಕ್ಕಾಗಿ ಅತ್ತೆಯ ಕಾಲನ್ನು ಒರೆಸಿ ಕಳಿಸಿದೆವು! ಶರಾವತಿ ಅಲ್ಲೇ ತರಗೆಲೆಯ ಮೇಲೆ ಕುಕ್ಕರಿಸಿ, ಹದಿನೈದು ದಿನದಿಂದ ಬಾರದ ಅಳುವನ್ನೆಲ್ಲ ಅತ್ತಳು. ಎದ್ದಾಗ ಹೊಟ್ಟೆಯಲ್ಲಿ ಕೆಂಡ ಮಾತ್ರ ಉಳಿದಿತ್ತು.

ತನ್ನ ಮನೆಗೆ ನೀರು ಬಂದರೆ ಅವಳಿಗೆ ಸಾಕಿತ್ತೇ? ಇಲ್ಲವೇ ಇಲ್ಲ. ಅವನ ಹತ್ತಿರ ಇದ್ದ ಆಸ್ತಿ ಎಂದರೆ ಪೈಪಲ್ಲ, ಪಾನಾ ಅಲ್ಲ, ಎಂಟು ಮನೆಯವರಿಗೆ ಗೊತ್ತಿಲ್ಲದಿರುವುದು. ಅದನ್ನೇ ಬುಡಸಮೇತ ಕಿತ್ತು ಹಾಕುತ್ತೇನೆ ಎಂದು ಹೊರಟಳು. ವಾರಕ್ಕೊಂದು ಮನೆಯ ಹೆಂಗಸನ್ನು ಗುಡ್ಡ ಹತ್ತಿಸಿದಳು. ಗೂಟವಿರುವ ಜಾಗದ ಮರಕ್ಕೆ ಕೆಂಪು ಪೇಂಟು ಬಳಿದಳು. ಮನೆಮನೆಯಲ್ಲೂ ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಹೆಚ್ಚಿಗೆ ಗೂಟ, ಟ್ಯೂಬಿನ ಚೂರು, ವಾಷರು, ಫ್ಯೂಸ್ ತಂತಿ ಇಡಿಸಿದಳು.

ನಾಗೇಂದ್ರ ನಲ್ಲಿ, ಕರೆಂಟು, ಮಿಕ್ಸಿ ಎಂದು ಏನೇನು ಮಾಡುತ್ತಿದ್ದನೋ ಅದನ್ನೆಲ್ಲ ಅವಳು ಕಲಿಯಬೇಕಾಯಿತು. ಹೊಸನಗರದ ಹಾರ್ಡ್‌ವೇರ್ ಅಂಗಡಿಯ ವೆಂಕಟ್ರಮಣನ ತಲೆ ತಿಂದಳು. ಮೊಬೈಲಿನಲ್ಲಿ ವಿಡಿಯೋ ನೋಡಿದಳು. ಒಮ್ಮೆ ಮೇನ್ ಸ್ವಿಚ್ಚು ತೆಗೆಯದೆ ಕೈ ಹಾಕಿ ಶಾಕು ಹೊಡೆಸಿಕೊಂಡು, ಮೊಣಕೈವರೆಗೆ ಮರಗಟ್ಟಿದರೂ ಬೈದದ್ದು ಮಾತ್ರ ನಾಗೇಂದ್ರನನ್ನೇ. "ಸಾಕು ಮಾರಾಯ್ತಿ, ಅವನ ಸುದ್ದಿ ಬಿಡು" ಎಂದ ರಾಜೇಂದ್ರ. "ನಿಮ್ಮವ್ವನ ಕಾಲು ಒರೆಸ್ದೋಳು ನಾನು, ನೀವಲ್ಲ" ಎಂದಳು.

ಮಳೆಗಾಲ ಕಳೆದ ಮೇಲೂ ನಾಗೇಂದ್ರನ ಫೋನು ಮೇಲಿನಕೊಪ್ಪದಿಂದ ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಕಾಫಿ ಇಲ್ಲ, ಬಾಳೆಗೊನೆ ಇಲ್ಲ, ದಾರಿಯಲ್ಲಿ ಎದ್ದು ನಿಂತು "ಬಂದ್ರಾ" ಎನ್ನುವವರಿಲ್ಲ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಅಡ್ಡಗಟ್ಟಿದ.

"ಹೆಂಗಸ್ರನ್ನೆಲ್ಲ ಕಲ್ಲು ದಾಟಿಸ್ತಿದೀಯಂತೆ. ಚೌಡಿ ಸುಮ್ನೆ ಬಿಡಲ್ಲ."

"ಚೌಡಿ ಬಿಟ್ರೂ ನಾನು ಬಿಡಲ್ಲ ಕಣೋ, ನಾಗೇಂದ್ರ" ಎಂದಳು. ತನಗಿಂತ ಹದಿನೈದು ವರ್ಷ ದೊಡ್ಡವನಿಗೆ, ನಾಲ್ಕು ಜನರ ಎದುರು! ಅವನ ಮುಖ ಕಪ್ಪಿಟ್ಟಿತು. ಅವಳಿಗೆ ಆ ರಾತ್ರಿ ಒಳ್ಳೆ ನಿದ್ದೆ ಬಂತು.

ತಿಥಿಗೆ ಒಂದು ದಿನ ಇದೆ ಎನ್ನುವಾಗ ನಾಗೇಂದ್ರನ ಹೆಂಡತಿ ಜಲಜಮ್ಮ ಎರಡು ಖಾಲಿ ಕೊಡ ಹಿಡಿದು ಶರಾವತಿಯ ಅಂಗಳಕ್ಕೆ ಬಂದಳು. ನಾಗೇಂದ್ರ ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ವಾರವಾಗಿತ್ತು. ಅವನ ಮನೆಯ ಪೈಪಿಗೆ ಗಾಳಿ ಹಿಡಿದು ಮೂರು ದಿನ.

"ಶರಾವತಿ, ಒಂಚೂರು ಬಂದು ನೋಡ್ತೀಯಾ? ಅವ್ರಿಗೆ ಹೇಳದೆ ಬಂದೆ."

ಎರಡು ಕೊಡ! ಅತ್ತೆಗೆ ಸಿಕ್ಕಿದ್ದೂ ಅಷ್ಟೇ. ವರ್ಷದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಶರಾವತಿ ಕಾದಿದ್ದ ಮಾತೊಂದಿತ್ತು. ಬಾಗಿಲಿಗೆ ಒರಗಿ, ಅವನದೇ ರಾಗದಲ್ಲಿ ಹೇಳಿದಳು: "ನೋಡನ, ಪುರ್ಸೊತ್ತಾದ್ರೆ ನಾಳೆ ಬರ್ತೀನಿ."

ಜಲಜಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಕೊಡ ಕೆಳಗಿಟ್ಟು ಸುಸ್ತಾಗಿ ಮೆಟ್ಟಿಲ ಮೇಲೆ ಕೂತಳು.

"ಅವ್ರು ನಂಗೂ ಹಿಂಗೇ ಹೇಳೋದು. ಮೂವತ್ತು ವರ್ಷ ಆತು. ಊರಿಗೆಲ್ಲ ನೀರು ಬಿಡ್ತಾರೆ; ನಮ್ಮನೇಲಿ ನಿಂತ್ರೆ ನೋಡನ, ನಾಳೆ ಅಂತಾರೆ. ಹೊಳೆಯಿಂದ ಹೊತ್ತು ಹೊತ್ತು ನನ್ನ ಸೊಂಟ ಹೋತು. ಕಲ್ಲು ದಾಟಿ ನಾನೇ ನೋಡ್ತೀನಿ ಅಂದ್ರೆ ಕಣ್ಣು ಹೋಗ್ತದೆ ಅಂತಾರೆ."

ಶರಾವತಿಗೆ ತನ್ನ ಬಾಯಿ ತನಗೇ ಹೇಸಿಗೆ ಎನಿಸಿತು. ಥೂ, ಅವನ ಮಾತನ್ನು ನಾನು ಯಾರಿಗೆ ಹೇಳಿಬಿಟ್ಟೆ! ಆದರೆ ಮನಸ್ಸು ಕರಗಿತು ಎಂದುಕೊಂಡಿರಾ? ಕೆಂಡಕ್ಕೆ ಇನ್ನೊಂದು ಕೊಳ್ಳಿ ಬಿತ್ತು, ಅಷ್ಟೆ. ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದು ಜಲಜಮ್ಮನ ಮಡಿಲಿಗೆ ಹಾಕಿದಳು.

"ಏಳಿ ಜಲಜಕ್ಕ. ನಾನು ರಿಪೇರಿ ಮಾಡಲ್ಲ. ನೀವು ಮಾಡ್ತೀರಿ."

ಕಲ್ಲಿನ ಹತ್ತಿರ ಜಲಜಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಶರಾವತಿ ಕೈ ಹಿಡಿದು ದಾಟಿಸಿದಳು. ಹತ್ತು ಹೆಜ್ಜೆಯ ಆಚೆ ಅವಳು ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. "ಕಣ್ಣು ಇದಾವೆ ಮಾರಾಯ್ತಿ!" ಎಂದಳು. ತನ್ನ ಮನೆಯ ಪೈಪಿನ ಗೂಟ ಎಳೆದವಳು ಅವಳೇ. ನೀರು ಚಿಮ್ಮಿ ಸೆರಗೆಲ್ಲ ತೊಯ್ದಾಗ ಮೊದಲು ನಕ್ಕಳು. ನಗು ನಿಂತ ಮೇಲೆ ಗೂಟವನ್ನು ತಿರುಗಿಸಿ ತಿರುಗಿಸಿ ನೋಡಿ, "ಥೂ, ಇವ್ರ ಮನೆ ಹಾಳಾಗ... ನಂದೇ ಮನೆ ಅಲ್ದಾ ಅದು" ಎಂದಳು. ಗೂಟ ಬಡಿದು, ಡಬ್ಬದಲ್ಲಿದ್ದ ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಇಬ್ಬರೂ ಇಳಿದು ಬಂದಾಗ ನಾಗೇಂದ್ರನ ಬಚ್ಚಲಲ್ಲಿ ನೀರು ಭೋರ್ ಎನ್ನುತ್ತಿತ್ತು. ಅವನು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ. ವಾರದಿಂದ ಸ್ನಾನವಿಲ್ಲದೆ ಮೈ ನಾರುತ್ತಿತ್ತು.

"ಯಾರು ಬಿಟ್ಟಿದ್ದು ನೀರು?" ಎಂದ. ಅಂಗಳದ ತುದಿಯಲ್ಲಿ ನಿಂತ ಶರಾವತಿಯನ್ನು ನೋಡಿದ. ಹೆಂಡತಿಯ ಒದ್ದೆ ಸೆರಗನ್ನು ನೋಡಿದ. ಸೆರಗಿನ ಗಂಟನ್ನು ನೋಡಿದ. ಅವನ ದನಿ ತಗ್ಗಿತು.

"ಜಲಜಾ, ಮೈಯೆಲ್ಲ ತುರಿಸ್ತದೆ. ಒಂದು ಚೊಂಬು ಬಿಸ್ನೀರು ಕಾಯಿಸ್ಕೊಡೇ."

ಜಲಜಮ್ಮ ಅವನನ್ನು ದಾಟಿಕೊಂಡು ಬಚ್ಚಲಿಗೆ ನಡೆದಳು. ಬಾಗಿಲು ಹಾಕಿಕೊಳ್ಳುವ ಮುಂಚೆ ತಿರುಗಿ ಹೇಳಿದಳು: "ನಾನು ಮೀಯ್ಬೇಕು ಈಗ. ನೋಡನ, ಪುರ್ಸೊತ್ತಾದ್ರೆ ನಾಳೆ."

ಆ ಮಾತನ್ನು ಜಲಜಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶರಾವತಿ ಮನೆಗೆ ಬಂದು ಅತ್ತೆಯ ಹಂಡೆಯನ್ನು ಕಂಠದವರೆಗೆ ತುಂಬಿಸಿ, ತಿಥಿಯ ದಿನ ನಸುಕಿನಲ್ಲೇ ಒಲೆ ಹಚ್ಚಿದಳು.