ನೀಲಿ ಬಾಯಿಯ ಡಿಸ್ಕು

ನಾರಾಯಣಪೇಟೆಯಲ್ಲಿ ನನ್ನದೊಂದು ಸಣ್ಣ ವಿಡಿಯೋ ಸ್ಟುಡಿಯೋ. ಮಕ್ತಲ್ ಕಡೆಯ ಕುರುಬರ ಅಜ್ಜನೊಬ್ಬ ಬೀರಪ್ಪ ದೇವರ ಪದ ಹಾಡುವುದನ್ನು ನಾಲ್ಕು ವರ್ಷ ಅವನ ಬೆನ್ನು ಹತ್ತಿ ಚಿತ್ರಿಸಿದ್ದೆ. ಅದೆಲ್ಲದರ ಪ್ರತಿ ಡಿಸ್ಕಿನಲ್ಲಿ ಬೇಕೆಂದು ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಜ್ಜ ಬಂದ. ಹನ್ನೆರಡರ ಬಸ್ಸಿಗೆ ಊರಿಗೆ ಹೋಗಬೇಕಿತ್ತು.

"ಎಷ್ಟೊತ್ತು ಹಿಡಿತೈತಿ ತಮ್ಮಾ?"

"ಹಳೇ ಡಿಸ್ಕಿಗೆ ಎರಡು ತಾಸು ಬೇಕ್ರಿ ಅಜ್ಜಾರ. ಇದು ಹೊಸಾದು, ಯುಎಸ್‌ಬಿ ತ್ರೀ. ಅರ್ಧ ತಾಸಿನ್ಯಾಗ ಮುಗೀತೈತಿ" ಎಂದು ಜಂಬ ಕೊಚ್ಚಿದೆ. ಹಿಂದಿನ ವಾರವಷ್ಟೇ ಗದ್ವಾಲದಿಂದ ತಂದ ಡಿಸ್ಕು. ವೈರಿನ ಬಾಯೊಳಗೆ ನೀಲಿ ಬಣ್ಣವಿತ್ತು. ಹೊಸ ತರದ್ದಕ್ಕೆ ಅದೇ ಗುರುತು.

ಅರ್ಧ ತಾಸಾದರೂ ಕಾಲು ಭಾಗ ದಾಟಲಿಲ್ಲ. ಬಸ್ಸು ಹೋಯಿತು.

"ಕಂಪ್ಯೂಟರ್‌ಗೆ ಏನಾರ ಬ್ಯಾನಿ ಬಂದೈತೇನು?" ಅಜ್ಜ ಕಂಬಳಿ ಸರಿಮಾಡಿಕೊಂಡು ಕೇಳಿದ.

"ಹೌದ್ರಿ" ಎಂದು ಸುಳ್ಳು ಹೇಳಿದೆ. ಹೇಳಿದ ಮೇಲೆ ಸಮಾಧಾನವಾಗಲಿಲ್ಲ. ಒಂದೇ ವಿಡಿಯೋವನ್ನು ಎರಡೂ ಡಿಸ್ಕಿಗೆ ಹಾಕಿ ನೋಡಿದೆ. ಹಳೆಯದೂ ಹೊಸದೂ ಸರಿಸಮ ಹೊತ್ತು ತಗೊಂಡವು. ಟಾರ್ಚ್ ಹಿಡಿದು ವೈರಿನ ಬಾಯಿ ನೋಡಿದೆ. ಯುಎಸ್‌ಬಿ ತ್ರೀ ಆಗಿದ್ದರೆ ಮುಂದಿನ ನಾಲ್ಕು ಪಿನ್ನಿನ ಹಿಂದೆ ಇನ್ನೂ ಐದು ಇರಬೇಕಿತ್ತು. ಇರಲಿಲ್ಲ. ಡಬ್ಬಿ ಬಿಚ್ಚಿದರೆ ಯಾರೋ ಬಳಸಿ ಬಿಸಾಕಿದ ಲ್ಯಾಪ್‌ಟಾಪಿನ ಡಿಸ್ಕು, ತೂಕಕ್ಕೆಂದು ಅಂಟಿಸಿದ ಕಬ್ಬಿಣದ ತುಂಡು, ಅಂಟಿನಲ್ಲಿ ಸಿಕ್ಕಿಕೊಂಡ ಉದ್ದನೆಯ ಕೂದಲು. ತುತ್ತಿನಲ್ಲಿ ಕೂದಲು ಸಿಕ್ಕವನ ಹಾಗೆ ಡಬ್ಬಿಯನ್ನು ದೂರ ತಳ್ಳಿದೆ.

ಅಜ್ಜನಿಗೆ ನಿಜ ಹೇಳಿ, ನನ್ನ ಹಳೆಯ ಡಿಸ್ಕಿಗೇ ತುಂಬಿಸಿ ಕೊಟ್ಟು, ಸಂಜೆಯ ಬಸ್ಸು ಹತ್ತಿಸಿದೆ.

ಮರುದಿನ ಗದ್ವಾಲಕ್ಕೆ ಹೋದೆ. ಅಂಗಡಿಯವ ಬಾಯಲ್ಲಿ ಹಲ್ಲುಕಡ್ಡಿ ಆಡಿಸುತ್ತ ನಕ್ಕ. "ಪಿನ್ನು ಯಾರು ಎಣಿಸ್ತಾರಣ್ಣಾ? ನೀಲಿ ಇದ್ರ ಸಾಕು, ಮಂದಿ ಒಯ್ತಾರ. ನೀನೂ ಹಂಗೇ ಒಯ್ದೆಲ್ಲ?"

ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅಂಥದ್ದೇ ಡಿಸ್ಕು ಹಿಡಿದು ನಿಂತಿದ್ದಳು. ಬಿಚ್ಚಿದ್ದ ನನ್ನ ಡಬ್ಬಿಯನ್ನು ಅವಳ ಮುಂದಿಟ್ಟೆ. ಕೂದಲು ನೋಡಿ "ಛೀ" ಎಂದು ಕೈಯಲ್ಲಿದ್ದದ್ದನ್ನು ಇಟ್ಟು ಹೋದಳು. ಅಂಗಡಿಯವ ಬೇರೆ ಡಿಸ್ಕು ಕೊಡಲು ಬಂದ. ಅವನ ಕೈಯಿಂದ ಏನೂ ಮುಟ್ಟುವ ಮನಸ್ಸಾಗದೆ ಹೊರಟುಬಿಟ್ಟೆ.

ನನ್ನ ಮೇಲೂ ಹೇಸಿಗೆಯಾಗಿತ್ತು. ಇದನ್ನೇ ತಗೋ ಎಂದು ಗೆಳೆಯನೊಬ್ಬನಿಗೆ ನಾನೇ ಹೇಳಿದ್ದೆ. ಬಸ್‌ಸ್ಟ್ಯಾಂಡಿನಿಂದಲೇ ಅವನಿಗೆ ಫೋನ್ ಮಾಡಿ, ವೈರಿನ ಬಾಯೊಳಗಿನ ಪಿನ್ನು ಎಣಿಸಲು ಹೇಳಿದೆ.

"ಒಂದು, ಎರಡು, ಮೂರು, ನಾಕು..." ಎಂದು ಎಣಿಸಿದ, ಐದನೆಯದು ಸಿಗಲಿಲ್ಲ. ಆಮೇಲೆ ಬೈಯಲು ಶುರುಮಾಡಿದ. ಅವನು ಮುಗಿಸುವವರೆಗೂ ಫೋನ್ ಇಡಲಿಲ್ಲ.