ಮೂಲೆಯ ರದ್ದಿ ರಾಶಿ

ಮಗುವಿನ ಹಣೆ ಮತ್ತೊಮ್ಮೆ ಮುಟ್ಟಿ ನೋಡಿದಳು. ಜ್ವರ ನಿನ್ನೆಯೇ ಬಿಟ್ಟಿತ್ತು. ಬಿಡದೆ ಕಾಡುತ್ತಿದ್ದದ್ದು ಬೇರೆ: ಬಿಸ್ಕೆಟ್ ವಿಭಾಗದ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯುತ್ತಾರಂತೆ. ಅದಕ್ಕೆ ಕಾರಣ ತಾನು.

ಕಾರ್ಖಾನೆ ಒಂದೇ, ಯಜಮಾನರು ಒಬ್ಬರೇ. ಆದರೂ ಅವಳು ಮೇಲ್ವಿಚಾರಕಿಯಾಗಿರುವ ವಿಭಾಗ ರಟ್ಟಿನ ಪೆಟ್ಟಿಗೆ ಮಾಡಿ ಬಿಸ್ಕೆಟ್ ವಿಭಾಗಕ್ಕೆ ಮಾರಬೇಕು, ಬೆಲೆಯನ್ನು ಇಬ್ಬರು ಮೇಲ್ವಿಚಾರಕರೂ ಕೂತು ಗೊತ್ತುಮಾಡಬೇಕು. ಯಾರಿಗೆ ಲಾಭ ಕಾಣುತ್ತದೋ ಅವರಿಗೆ ಸಂಬಳ ಏರಿಕೆ. ಮಾತುಕತೆಯ ದಿನ ಆ ತಿಂಗಳು ಹಾಳಾದ ಪೆಟ್ಟಿಗೆಗಳನ್ನು ಮೂಲೆಯಲ್ಲಿ ರಾಶಿ ಹಾಕಿ ತೋರಿಸುವುದು ರೂಢಿ. ಬಿಸ್ಕೆಟ್ಟಿನವರು ಕಣ್ಣಳತೆಯಲ್ಲೇ ನಷ್ಟ ಅಂದಾಜು ಮಾಡಿ ಬೆಲೆಗೆ ಸೇರಿಸುತ್ತಾರೆ; ರಾಶಿ ದೊಡ್ಡದಾದಷ್ಟೂ ಬೆಲೆ ಹೆಚ್ಚು. ಎಣಿಸಹೊರಟರೆ ಅವಮಾನ ಮಾಡಿದ ಹಾಗೆ.

ಹೋದ ಸಲ ಅವಳು ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಳು. ಬೆಲೆ ಇಳಿಯಿತು, ಏರಿಕೆ ಅವರ ಪಾಲಾಯಿತು.

"ನಮ್ಮವರೂ ಅಷ್ಟೇ ದುಡಿದ್ರಲ್ಲ ಸಾರ್?" ಎಂದು ಯಜಮಾನರನ್ನು ಕೇಳಿದಳು.

"ಬಾಯಿ ಜೋರು ಮಾಡಬೇಕಿತ್ತಮ್ಮ," ಎಂದು ಯಜಮಾನರು ನಕ್ಕರು.

"ಒಳ್ಳೆಯವರಾಗಿರೋದಕ್ಕೆ ಇಲ್ಲಿ ಸಂಬಳ ಕೊಡಲ್ಲ ಮೇಡಂ," ಎಂದು ಕತ್ತರಿಸುವ ಯಂತ್ರದ ಹೆಂಗಸು ಚುಚ್ಚಿದಳು. ಆ ಮಾತು ಅವಳಿಗೆ ಮುಳ್ಳಾಗಿ ನಾಟಿತು.

ಈ ಸಲ ಹಾಳಾದ ಪೆಟ್ಟಿಗೆ ಒಯ್ಯುವ ರದ್ದಿಯವನು ಬಂದಾಗಲೆಲ್ಲ ಅವನನ್ನು ಬರಿಗೈಲಿ ಕಳಿಸಿದಳು. ಹಳೆಯದೂ ಹೊಸದೂ ಸೇರಿ ರಾಶಿ ಕಿಟಕಿ ಮುಚ್ಚಿತು. ಬೇರೆ ಯಾರೇ ಬಂದಿದ್ದರೂ ಅಡಿಯಲ್ಲಿದ್ದ ಪೆಟ್ಟಿಗೆಗಳ ಧೂಳು ಕಾಣದೆ ಇರುತ್ತಿರಲಿಲ್ಲ. ಬಂದದ್ದು ಗೋಣಣ್ಣ. ಯಾರೇನು ಹೇಳಿದರೂ ಗೋಣಾಡಿಸುತ್ತಾರೆಂದು ಬಿಸ್ಕೆಟ್ಟಿನ ಮೇಲ್ವಿಚಾರಕರಿಗೆ ಬಿದ್ದ ಅಡ್ಡಹೆಸರು ಅದು.

"ಏನಮ್ಮ, ಇಷ್ಟೊಂದು ಹಾಳಾಯ್ತಾ?"

"ರಟ್ಟು ಸರಿ ಬರ್ತಿಲ್ಲ ಅಣ್ಣ."

"ಪಾಪ, ನೀನಾದ್ರೂ ಏನು ಮಾಡ್ತೀಯ. ನೀನು ಹೇಳಿದ್ದೇ ಬೆಲೆ." ಗೋಣಾಡಿಸಿ ಹೋದರು. ಜಗಳಕ್ಕೆಂದು ಅವಳು ಜೋಡಿಸಿಕೊಂಡಿದ್ದ ಮಾತು ಒಂದೂ ಬೇಕಾಗಲಿಲ್ಲ.

ಈಗ ಬಿಸ್ಕೆಟ್ ವಿಭಾಗ ನಷ್ಟದಲ್ಲಿದೆ. ನಿನ್ನೆ ಯಜಮಾನರ ಕೋಣೆಗೆ ಹೋಗಿ, "ಪೆಟ್ಟಿಗೆ ಬೆಲೆ ಸ್ವಲ್ಪ ಇಳಿಸೋಣ ಸಾರ್," ಎಂದಳು. ಯಾಕೆಂದು ಹೇಳುವ ಧೈರ್ಯ ಬರಲಿಲ್ಲ.

"ಮುಗಿದದ್ದನ್ನ ಕೆದಕಬೇಡಿ. ಅವನಿಗೆ ವ್ಯವಹಾರ ಗೊತ್ತಿಲ್ಲ. ನಿಮ್ಮನ್ನ ನೋಡಿ ಕಲೀಬೇಕಿತ್ತು."

ಮನೆಯಲ್ಲಿ ಗಂಡನ ಮಾತೂ ಬಾಗಿಲು ಮುಚ್ಚಿದ ಹಾಗೇ. "ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ, ಹೇಳದಿದ್ರೆ ಅವರದ್ದು. ಮಗು ಮುಖ ನೋಡು."

ನೋಡಿದಳು. ಮಗು ಹೊದಿಕೆಯ ತುದಿ ಚೀಪುತ್ತಾ ಅವಳನ್ನೇ ನೋಡುತ್ತಿತ್ತು, ಅವಳೇನು ಹೇಳಿದರೂ ನಂಬುವ ಕಣ್ಣಲ್ಲಿ. ಅವಳು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡು ಗೋಣಣ್ಣನಿಗೆ ಫೋನ್ ಮಾಡಿದಳು.

"ಹೇಳಮ್ಮ. ಮಗೂಗೆ ಜ್ವರ ಬಿಡ್ತಾ?"

"ಬಿಡ್ತು ಅಣ್ಣ." ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಅಣ್ಣ, ಅವತ್ತಿನ ರಾಶಿ... ಅದರಲ್ಲಿ ಮುಕ್ಕಾಲು ಭಾಗ ಹಳೇದು. ನಾನೇ ಕೂಡಿಟ್ಟಿದ್ದು. ಯಜಮಾನರಿಗೆ ಹೇಳಿ. ನಾನು ಇಲ್ಲ ಅನ್ನಲ್ಲ."

ಅವರು ಗೋಣಾಡಿಸುತ್ತಿದ್ದಾರೋ ಇಲ್ಲವೋ, ಫೋನಿನಲ್ಲಿ ಕಾಣುತ್ತಿರಲಿಲ್ಲ.